ಮಗುವಿಗೆ ಮಾತು ತಡವಾದರೆ ಮನೆಯಲ್ಲಿ ಕನ್ನಡ ಬಿಡಬೇಕಾ?

ಪ್ರಶ್ನೆ: ನಾವು ಮುಂಬೈ ಹತ್ತಿರದ ಡೊಂಬಿವಲಿಯಲ್ಲಿದ್ದೇವೆ. ಮಗನಿಗೆ ಎರಡು ವರ್ಷ ತುಂಬುತ್ತಾ ಬಂತು, ಇನ್ನೂ ಸರಿಯಾಗಿ ಮಾತಾಡುವುದಿಲ್ಲ. ಮನೆಯಲ್ಲಿ ಕನ್ನಡ, ಪಾಳಣಾಘರದಲ್ಲಿ (ಡೇ ಕೇರ್) ಮರಾಠಿ, ಬಿಲ್ಡಿಂಗಿನಲ್ಲಿ ಹಿಂದಿ. ಕನ್ನಡ ಬಿಟ್ಟುಬಿಡಿ, ಮಗುವಿಗೆ ಗೊಂದಲ ಆಗಿದೆ ಅಂತ ಎಲ್ಲರೂ ಹೇಳುತ್ತಾರೆ. ಏನು ಮಾಡಲಿ?

ಕನ್ನಡ ಬಿಡಬೇಡಿ. ಎರಡು ಮೂರು ಭಾಷೆ ಕಿವಿಗೆ ಬಿದ್ದ ಮಾತ್ರಕ್ಕೆ ಮಾತು ತಡವಾಗುವುದಿಲ್ಲ. ನಿಮಗೆ ಸಲೀಸಾದ ಭಾಷೆಯಲ್ಲೇ ನೀವು ಮುದ್ದು ಮಾಡುತ್ತೀರಿ, ಗದರುತ್ತೀರಿ, ಕಥೆ ಹೇಳುತ್ತೀರಿ. ಅದನ್ನು ಬಿಟ್ಟು ತಡವರಿಸುತ್ತಾ ಹಿಂದಿ ಆಡಿದರೆ ಮನೆಯಲ್ಲಿ ಮಾತೇ ಕಡಿಮೆಯಾಗುತ್ತದೆ. ಮಗುವಿಗೆ ನಷ್ಟ ಅಲ್ಲಿ.

ಮೊದಲು ಅವನ ಮಾತುಗಳನ್ನು ಬರೆದಿಡಿ. ಎಲ್ಲ ಭಾಷೆಯವೂ ಲೆಕ್ಕಕ್ಕೆ ಬರಬೇಕು. 'ಅಮ್ಮ', 'ಪಾಣಿ', 'ನಕೋ', 'ಬಸ್', ನಾಯಿಗೆ 'ಬೌ ಬೌ' ಅನ್ನುವುದು ಕೂಡ. ಕನ್ನಡದವನ್ನು ಮಾತ್ರ ಎಣಿಸಿ ಎಷ್ಟೋ ತಾಯಂದಿರು ಸುಮ್ನೆ ಹೆದರುತ್ತಾರೆ. ಎರಡು ವರ್ಷದ ಹೊತ್ತಿಗೆ ಒಟ್ಟು ಸುಮಾರು 50 ಮಾತು, ಎರಡೆರಡು ಸೇರಿಸಿ ಹೇಳುವುದು ಬಂದರೆ ಸರಿಯಾದ ದಾರಿಯಲ್ಲೇ ಇದ್ದಾನೆ.

ಮನೆಯಲ್ಲಿ ಮಾಡಬೇಕಾದ್ದಕ್ಕೆ ಬೇರೆ ಹೊತ್ತು ಬೇಡ. ಚಪಾತಿ ಲಟ್ಟಿಸುವಾಗ ಪಕ್ಕದಲ್ಲಿ ಕೂರಿಸಿ ಒಂದು ಹಿಟ್ಟಿನುಂಡೆ ಕೊಡಿ. 'ಉಂಡೆ. ಮೆತ್ತಗಿದೆ. ಒತ್ತು, ಒತ್ತು.' ಇಷ್ಟು ಹೇಳಿ ಸುಮ್ಮನಿರಿ. ಮನಸ್ಸಿನಲ್ಲೇ ಐದು ಎಣಿಸಿ, ಅವನ ಮುಖ ನೋಡುತ್ತಿರಿ. ನಾವು ದೊಡ್ಡವರು ಈ ಐದು ಸೆಕೆಂಡ್ ಕಾಯುವುದೇ ಇಲ್ಲ, ಅಲ್ವಾ? ಅವನು 'ಒತ್' ಅಂದರೂ ಸಾಕು. 'ಹೌದು, ಒತ್ತು! ಜೋರಾಗಿ ಒತ್ತು!' ಅಂತ ಒಂದು ಮಾತು ಸೇರಿಸಿ ವಾಪಸ್ ಕೊಡಿ. 'ನಂಗೆ ನಕೋ' ಅಂದರೆ ತಿದ್ದಬೇಡಿ, ನಗಬೇಡಿ. 'ನಿಂಗೆ ಬೇಡ್ವಾ? ಸರಿ, ಬೇಡ' ಅನ್ನಿ. ಭಾಷೆ ಬೆರೆಸುವುದು ಈ ವಯಸ್ಸಿಗೆ ಸಹಜ. 'ಹೇಳು, ಹೇಳಿದರೆ ಮಾತ್ರ ಕೊಡ್ತೀನಿ' ಅಂತ ಹಟ ಹಿಡಿಯುವುದೂ ಬೇಡ.

ಮೊಬೈಲ್ ತೋರಿಸಿ ಊಟ ಮಾಡಿಸುವುದನ್ನು ಬಿಡಿ. ಎರಡು ವರ್ಷದೊಳಗೆ ಸ್ಕ್ರೀನ್ ಬೇಡವೇ ಬೇಡ. ಊರಿನ ಅಜ್ಜಿಯ ಜೊತೆ ವಿಡಿಯೋ ಕಾಲ್ ಪರವಾಗಿಲ್ಲ, ಅಲ್ಲಿ ಅಜ್ಜಿ ಅವನಿಗೆ ಮರುಮಾತು ಕೊಡುತ್ತಾರೆ.

ಆದರೆ 'ಅವರಪ್ಪನೂ ಲೇಟಾಗಿಯೇ ಮಾತಾಡಿದ್ದು' ಅಂತ ಕಾಯುತ್ತಾ ಕೂರಬೇಡಿ. ಎರಡು ತುಂಬಿದರೂ ತಾನಾಗಿ ಎರಡು ಮಾತು ಜೋಡಿಸದಿದ್ದರೆ, ಹೆಸರು ಕರೆದರೆ ತಿರುಗದಿದ್ದರೆ, ಬೇಕಾದ್ದನ್ನು ಬೆರಳು ಮಾಡಿ ತೋರಿಸದಿದ್ದರೆ ಡಾಕ್ಟರ ಹತ್ತಿರ ಹೋಗಿ. ಬರುತ್ತಿದ್ದ ಮಾತು ನಿಂತುಹೋದರೆ, ವಯಸ್ಸು ಎಷ್ಟೇ ಇರಲಿ, ತಕ್ಷಣ ತೋರಿಸಿ. ಮೊದಲು ಕಿವಿ ಪರೀಕ್ಷೆ ಆಗಲಿ. ಬಾಗಿಲ ಬೆಲ್ಲಿಗೆ ತಿರುಗುತ್ತಾನೆ ಅಂದಮಾತ್ರಕ್ಕೆ ಕಿವಿ ಸರಿ ಅನ್ನುವಂತಿಲ್ಲ. ಪದೇ ಪದೇ ನೆಗಡಿಯಾಗುವ ಮಕ್ಕಳಿಗೆ ಕಿವಿಯೊಳಗೆ ನೀರು ನಿಂತು ಮೆಲ್ಲನೆಯ ದನಿ ಕೇಳಿಸದೆ ಇರಬಹುದು. ಕಿವಿಗೆ ಸದ್ದು ಕೇಳಿಸಿ ಮಿದುಳಿನ ಸ್ಪಂದನೆ ನೋಡುವ ಬೆರಾ (BERA) ಪರೀಕ್ಷೆಯನ್ನು ಮಗು ಮಲಗಿದ್ದಾಗಲೇ ಮಾಡುತ್ತಾರೆ, ನೋವಿಲ್ಲ. ಮುಂಬೈನ ಬಾಂದ್ರಾ ರಿಕ್ಲಮೇಶನ್‌ನಲ್ಲಿ 1983ರಲ್ಲಿ ಶುರುವಾದ ಅಲಿ ಯಾವರ್ ಜಂಗ್ ರಾಷ್ಟ್ರೀಯ ಸಂಸ್ಥೆ ಇದೆ. ಅದು ಕೇಂದ್ರ ಸರ್ಕಾರದ್ದು, ಮಾತು ಮತ್ತು ಕಿವಿಯ ತೊಂದರೆಗೆಂದೇ ಇರುವುದು.

ಮಾತು ಕಲಿಸುವ ಥೆರಪಿಸ್ಟ್‌ಗೆ ಕನ್ನಡ ಬರದಿದ್ದರೂ ಚಿಂತೆ ಬೇಡ. ನೀವು ಬರೆದಿಟ್ಟ ಪಟ್ಟಿ ತೋರಿಸಿ. ಅವರು ಮರಾಠಿಯಲ್ಲೋ ಹಿಂದಿಯಲ್ಲೋ ಆಡಿಸಿದ ಆಟವನ್ನು ಮನೆಗೆ ಬಂದು ಕನ್ನಡದಲ್ಲಿ ಆಡಿಸಿ.