ಹಿಮ ಯಾಕೆ ಬೂದಿಯ ಹಾಗೆ ಬಂತು?

ಡೊಂಬಿವಲಿಯ ಓದುಗರೊಬ್ಬರ ಪ್ರಶ್ನೆ: "ಜನವರಿಯಲ್ಲಿ ಮನೆಯವರೆಲ್ಲ ಗುಲ್ಮಾರ್ಗ್‌ಗೆ ಹೊರಟಿದ್ದೇವೆ. ಅಪ್ಪನ ಪೆಂಟ್ಯಾಕ್ಸ್ ಕೆ1000 ಕ್ಯಾಮೆರಾ ಒಯ್ಯುತ್ತೇನೆ. ಇಲ್‌ಫರ್ಡ್ ಪ್ಯಾನ್ ಎಫ್ ಪ್ಲಸ್ ಕಪ್ಪು-ಬಿಳುಪು ಫಿಲ್ಮ್, 50 ಐಎಸ್‌ಒ, ಎರಡು ರೋಲ್ ತಂದಿಟ್ಟಿದ್ದೇನೆ. ಹಿಂದೊಮ್ಮೆ ಮನಾಲಿಯಲ್ಲಿ ಬೆಳಕು ಅಳೆಯುವ ಮೀಟರ್‌ನ ಮುಳ್ಳನ್ನು ಸರಿಯಾಗಿ ನಡುವೆ ನಿಲ್ಲಿಸಿಯೇ ಕ್ಲಿಕ್ ಮಾಡಿದ್ದೆ. ಆದರೂ ಹಿಮವೆಲ್ಲ ಬೂದಿಯ ಹಾಗೆ ಬಂತು. ಹೆಂಡತಿಯ ಮುಖ ಕಪ್ಪಾಯಿತು. ಮೀಟರ್ ಕೆಟ್ಟಿದೆಯಾ?"

ಕೆಟ್ಟಿಲ್ಲ. ಮುಳ್ಳು ನಡುವೆ ನಿಂತದ್ದೇ ಕಾರಣ.

ಕ್ಯಾಮೆರಾದ ಮೀಟರ್‌ಗೆ ಎದುರಿಗೆ ಏನಿದೆ ಅಂತ ಗೊತ್ತಿರುವುದಿಲ್ಲ. ಇದ್ದಿಲಿನ ಗುಡ್ಡೆ ತೋರಿಸಿ, ಹಾಲಿನ ಪಾತ್ರೆ ತೋರಿಸಿ, ಎರಡನ್ನೂ ಅದು ಒಂದೇ ನಡುವಿನ ಬೂದು ಬಣ್ಣಕ್ಕೆ ತರಲು ನೋಡುತ್ತದೆ. ಬಿದ್ದ ಬೆಳಕಿನಲ್ಲಿ ಸುಮಾರು 18% ಹಿಂತಿರುಗಿಸುವ ಬೂದು ಅದು. ನಮ್ಮ ಬೀದಿ, ಮರ, ಜನರ ಚಿತ್ರಗಳಿಗೆ ಈ ಲೆಕ್ಕ ಚೆನ್ನಾಗಿಯೇ ಹೊಂದುತ್ತದೆ. ಆದರೆ ಹೊಸದಾಗಿ ಬಿದ್ದ ಹಿಮ 80%ಕ್ಕೂ ಜಾಸ್ತಿ ಬೆಳಕನ್ನು ವಾಪಸ್ ಎಸೆಯುತ್ತದೆ. ಮೀಟರ್ ಅದನ್ನು ನೋಡಿ ಬೆಳಕು ಅತಿಯಾಯಿತು ಅಂದುಕೊಳ್ಳುತ್ತದೆ. ಅದು ಹೇಳಿದಂತೆ ಕೇಳಿದರೆ ಫಿಲ್ಮ್‌ಗೆ ಸಿಗಬೇಕಾದ ಬೆಳಕಿನ ಕಾಲು ಭಾಗ ಮಾತ್ರ ಸಿಗುತ್ತದೆ. ಹಿಮ ಬೂದಿಯಾಗುತ್ತದೆ. ಹಿಮದ ನಡುವೆ ನಿಂತವರ ಮುಖವೂ ಅದರ ಜೊತೆಗೇ ಕತ್ತಲಾಗುತ್ತದೆ.

ಹಾಗಾಗಿ ಹಿಮವನ್ನು ಅಳೆಯಿರಿ, ಆಮೇಲೆ ನೀವೇ ಎರಡು ಸ್ಟಾಪ್ ಜಾಸ್ತಿ ಬೆಳಕು ಕೊಡಿ. ಒಂದು ಸ್ಟಾಪ್ ಜಾಸ್ತಿ ಅಂದರೆ ಬೆಳಕು ಎರಡು ಪಟ್ಟು, ಎರಡು ಸ್ಟಾಪ್ ಅಂದರೆ ನಾಲ್ಕು ಪಟ್ಟು. ಒಳ್ಳೆಯ ಬಿಸಿಲಿದೆ, 50 ಐಎಸ್‌ಒ ಫಿಲ್ಮ್ ಹಾಕಿದ್ದೀರಿ ಅಂತಿಟ್ಟುಕೊಳ್ಳಿ. ಬರೀ ಹಿಮಕ್ಕೆ ಹಿಡಿದರೆ ಮೀಟರ್ 1/250, ಎಫ್16 ಅನ್ನಬಹುದು. ನೀವು 1/250, ಎಫ್8 ಇಡಿ; ಎಫ್ ಸಂಖ್ಯೆ ಇಳಿದಷ್ಟೂ ಲೆನ್ಸಿನ ಕಿಂಡಿ ದೊಡ್ಡದು. ಬಿಸಿಲಿನಲ್ಲಿ ಎಫ್16, ಶಟರ್ ಐಎಸ್‌ಒ ಸಂಖ್ಯೆಯಷ್ಟು ಎಂಬ ಹಳೆಯ ಲೆಕ್ಕ ನಿಮಗೆ ಗೊತ್ತಿರಬಹುದು. ಆ ದಾರಿಯಲ್ಲಿ ಹೋದರೂ 1/60, ಎಫ್16 ಬರುತ್ತದೆ. ಎರಡೂ ಒಂದೇ. ಐಎಸ್‌ಒ ಡಯಲನ್ನೇ ಎರಡು ಸ್ಟಾಪ್ ಇಳಿಸಿಬಿಡೋಣ ಎಂದು ಕೆಲವರು ಹೇಳುತ್ತಾರೆ. ಅದಕ್ಕೆ 12ಕ್ಕೆ ಇಳಿಯಬೇಕು, ಕೆ1000ರ ಡಯಲ್ 20ಕ್ಕೇ ನಿಲ್ಲುತ್ತದೆ. ಲೆನ್ಸಿನ ಉಂಗುರ ತಿರುಗಿಸುವುದೇ ಸರಿ.

ಎರಡೇ ಯಾಕೆ, ಮೂರು ಯಾಕಲ್ಲ? ಅಮೆರಿಕದ ಛಾಯಾಗ್ರಾಹಕರಾದ ಆನ್ಸೆಲ್ ಆಡಮ್ಸ್ ಮತ್ತು ಫ್ರೆಡ್ ಆರ್ಚರ್ 1940ರ ಸುಮಾರಿಗೆ ರೂಪಿಸಿದ ಝೋನ್ ಪದ್ಧತಿಯಲ್ಲಿ ಕಡುಕಪ್ಪಿನಿಂದ ಬರೀ ಬಿಳಿಯವರೆಗೆ ಮೆಟ್ಟಿಲುಗಳಿವೆ. ಮೀಟರ್ ತೋರಿಸುವುದು ಐದನೆಯದು. ಬಿಳಿಯೂ ಇರಬೇಕು, ಹಿಮದ ಕಣವೂ ಕಾಣಬೇಕು ಎಂದರೆ ಏಳನೆಯದರ ಆಸುಪಾಸಿನಲ್ಲಿರಬೇಕು. ಎರಡು ಮೆಟ್ಟಿಲು, ಅಂದರೆ ಎರಡು ಸ್ಟಾಪ್, ಹತ್ತಿದರೆ ಅಲ್ಲಿಗೆ ಬರುತ್ತೇವೆ. ಇನ್ನೂ ಮೇಲೆ ಹೋದರೆ ಹಿಮ ಖಾಲಿ ಕಾಗದವಾಗುತ್ತದೆ.

ಇದನ್ನು ಗುಲ್ಮಾರ್ಗ್‌ನಲ್ಲಿ ಮೊದಲ ಸಲ ಮಾಡಬೇಡಿ, ಇಲ್ಲೇ ಕಲಿತು ಹೋಗಿ. ಮುಂಬೈಯಲ್ಲಿ ಹಿಮವಿಲ್ಲ, ಉಪ್ಪಿದೆ. ಭಾಯಂದರ್ ಕಡೆಯ ಮೀಠಾಗರ್‌ಗಳನ್ನು ನೀವು ಲೋಕಲ್ ಟ್ರೇನ್ ಕಿಟಕಿಯಿಂದ ನೋಡಿರಬಹುದು. ನಮ್ಮ ಕರಾವಳಿಯವರು ಉಪ್ಪಿನ ಆಗರ ಅನ್ನುತ್ತಾರಲ್ಲ, ಅದೇ. ಮಳೆಗಾಲ ಕಳೆದು ಉಪ್ಪು ಎಳೆಯುವ ತಿಂಗಳುಗಳಲ್ಲಿ ಬಿಳಿ ಗುಡ್ಡೆಗಳು ಬಿಸಿಲಿಗೆ ಹಿಮದ ಹಾಗೆಯೇ ಕಣ್ಣು ಕುಕ್ಕುತ್ತವೆ. ಅಲ್ಲಿ ದುಡಿಯುವವರನ್ನು ಕೇಳಿಕೊಂಡು ಹೋಗಿ. ಅಷ್ಟು ದೂರ ಆಗದಿದ್ದರೆ ಮನೆಯ ಹೊರಗೆ ಒಣಗಲು ಹಾಕಿದ ಬಿಳಿ ಪಂಚೆ ಸಾಕು. ಮೀಟರ್ ಹೇಳಿದಂತೆ ಒಂದು, ಒಂದು ಸ್ಟಾಪ್ ಜಾಸ್ತಿ, ಎರಡು ಸ್ಟಾಪ್ ಜಾಸ್ತಿ, ಮೂರು ಸ್ಟಾಪ್ ಜಾಸ್ತಿ, ಹೀಗೆ ನಾಲ್ಕು ಫ್ರೇಮ್ ತೆಗೆಯಿರಿ. ಪಂಚೆ ಬಿಳಿಯಾಗಿದ್ದು ನೇಯ್ಗೆಯೂ ಕಾಣುವ ಫ್ರೇಮ್ ಯಾವುದು ಎಂದು ಪ್ರಿಂಟಿನಲ್ಲಿ ನೋಡಿ. ನಿಮ್ಮ ಕ್ಯಾಮೆರಾದ ಲೆಕ್ಕ ಅದೇ.

ಇನ್ನು ನಿಧಾನ ಫಿಲ್ಮ್‌ನ, ಅಂದರೆ ಐಎಸ್‌ಒ ಕಡಿಮೆ ಇದ್ದು ಜಾಸ್ತಿ ಬೆಳಕು ಬೇಡುವ ಫಿಲ್ಮ್‌ನ ಮಾತು. ಹಿಮದಲ್ಲಿ ಬೆಳಕು ಧಾರಾಳ, ಹಾಗಾಗಿ 50 ಐಎಸ್‌ಒ ಕಷ್ಟವಾಗುವುದಿಲ್ಲ. ಅದರ ಸಣ್ಣ ಗ್ರೇನ್‌ನಲ್ಲಿ ಹಿಮದ ನಯ ತುಂಬಾ ಚೆನ್ನಾಗಿ ಬರುತ್ತದೆ. ನಿಮ್ಮ ಆಯ್ಕೆ ನನಗೆ ಬಹಳ ಇಷ್ಟವಾಯಿತು. ಆದರೆ ಪ್ಯಾನ್ ಎಫ್‌ನಲ್ಲಿ ಕಾಂಟ್ರಾಸ್ಟ್, ಅಂದರೆ ಕಪ್ಪು-ಬಿಳಿಯ ಅಂತರ, ಜಾಸ್ತಿ. ಹಿಮ ಹೊತ್ತ ಕಪ್ಪು ಮರ, ಪಕ್ಕದಲ್ಲಿ ಬಿಸಿಲು ಬಿದ್ದ ಇಳಿಜಾರು, ಎರಡನ್ನೂ ಹಿಡಿಯಬೇಕೆಂದರೆ ಡೆವಲಪ್ ಮಾಡುವಾಗ ಕೈ ಬಿಗಿ ಹಿಡಿಯಬೇಕು.

ನಾನು ಇದನ್ನು ಕಲಿತದ್ದು ಒಂದು ರೋಲ್ ಕಳೆದುಕೊಂಡು. ಏಪ್ರಿಲ್ ತಿಂಗಳು, ಮುಲುಂಡಿನ ಮನೆಯ ಬಚ್ಚಲು. ನಲ್ಲಿಯ ನೀರು 30 ಡಿಗ್ರಿ ಹತ್ತಿರ ಇತ್ತು, ಫಿಲ್ಮ್ ಮೇಲೆ ಚಿತ್ರ ಮೂಡಿಸುವ ಡೆವಲಪರ್ ದ್ರಾವಣವನ್ನು ಅದೇ ನೀರಲ್ಲಿ ಕಲಸಿದೆ. ಸಮಯ ಮಾತ್ರ 20 ಡಿಗ್ರಿಗೆ ಹೇಳಿದ್ದನ್ನೇ ಇಟ್ಟೆ. ಬಿಸಿಗೆ ಡೆವಲಪರ್ ಜೋರಾಗಿ ಕೆಲಸ ಮಾಡಿಬಿಟ್ಟಿತು. ನೆಗೆಟಿವ್‌ನಲ್ಲಿ ಹಿಮ ಇದ್ದಲ್ಲೆಲ್ಲ ಮಸಿ ಮೆತ್ತಿದಂತಾಗಿತ್ತು. ಪ್ರಿಂಟಿನಲ್ಲಿ ಒಂದು ಹೆಜ್ಜೆ ಗುರುತೂ ಉಳಿಯಲಿಲ್ಲ. ಆ ರೋಲ್ ನೆನಪಾದರೆ ಈಗಲೂ ಬೇಜಾರಾಗುತ್ತದೆ.

ಈಗ ಹೀಗೆ ಮಾಡುತ್ತೇನೆ. ದೊಡ್ಡ ಟಬ್ಬಿನಲ್ಲಿ ನೀರು ತುಂಬಿ ಐಸ್ ಹಾಕಿ, ಅದರಲ್ಲಿ ಡೆವಲಪರ್ ಬಾಟಲಿ ಇಟ್ಟು 20 ಡಿಗ್ರಿಗೆ ತರುತ್ತೇನೆ. ಐಸನ್ನು ಡೆವಲಪರ್ ಒಳಗೆ ಹಾಕಬೇಡಿ, ಅದು ತೆಳುವಾಗುತ್ತದೆ. ಡಿ-76 ಎಂಬ ಡೆವಲಪರ್ ಆದರೆ ಅದರಷ್ಟೇ ನೀರು ಬೆರೆಸಿ ಬಳಸುತ್ತೇನೆ. ಬಿಸಿಲಿನ ಹಿಮದ ರೋಲ್ ಆದರೆ ಹೇಳಿದ ಸಮಯಕ್ಕಿಂತ 10ರಿಂದ 15% ಕಡಿಮೆ ಮಾಡುತ್ತೇನೆ. ಮೋಡದ ದಿನದ ರೋಲ್‌ಗೆ ಕಡಿಮೆ ಮಾಡುವುದಿಲ್ಲ, ಅಲ್ಲಿ ಕಾಂಟ್ರಾಸ್ಟ್ ಬೇಕು. ನಿಮ್ಮ ಹತ್ತಿರ ಎರಡು ರೋಲ್ ಇದೆಯಲ್ವಾ, ಹಾಗಾಗಿ ಒಂದನ್ನು ಬಿಸಿಲಿಗೆ, ಇನ್ನೊಂದನ್ನು ಮೋಡಕ್ಕೆ ಇಟ್ಟುಕೊಳ್ಳಿ.

ಒಂದೇ ಫಿಲ್ಟರ್ ಒಯ್ಯುವುದಾದರೆ ಹಳದಿ ಒಯ್ಯಿರಿ. ಹಿಮದ ಮೇಲಿನ ನೆರಳಿಗೆ ಬೆಳಕು ಬರುವುದು ನೀಲಿ ಆಕಾಶದಿಂದ. ಹಳದಿ ಗಾಜು ಆ ನೀಲಿಯನ್ನು ತಡೆಯುತ್ತದೆ. ನೆರಳು ಸ್ವಲ್ಪ ಗಾಢವಾಗುತ್ತದೆ, ಹಿಮದ ಏರಿಳಿತ ಎದ್ದು ಕಾಣುತ್ತದೆ. ಕೆ1000 ಲೆನ್ಸಿನ ಮೂಲಕವೇ ಅಳೆಯುವುದರಿಂದ ಫಿಲ್ಟರಿಗೆ ಬೇರೆ ಲೆಕ್ಕ ಬೇಡ. ಕೆಂಪು ಫಿಲ್ಟರ್ ನನಗೆ ಅಲ್ಲಿ ಹಿಡಿಸುವುದಿಲ್ಲ. ಗುಲ್ಮಾರ್ಗ್ 2,600 ಮೀಟರ್‌ಗಿಂತ ಎತ್ತರದಲ್ಲಿದೆ. ಅಲ್ಲಿನ ಆಕಾಶ ಮೊದಲೇ ಗಾಢ ನೀಲಿ, ಕೆಂಪು ಹಾಕಿದರೆ ಹಗಲೇ ರಾತ್ರಿಯಾಗುತ್ತದೆ. ಫಿಲ್ಟರಿಗಿಂತ ದೊಡ್ಡದು ಹೊತ್ತು. ನಡುಮಧ್ಯಾಹ್ನ ಹಿಮ ಬರೀ ಹಾಸಿದ ಬೆಡ್‌ಶೀಟ್. ಬೆಳಗ್ಗೆ, ಸಂಜೆ ಬಿಸಿಲು ಪಕ್ಕದಿಂದ ಬಿದ್ದಾಗ ಒಂದೊಂದು ಹೆಜ್ಜೆಗೂ ನೆರಳು ಹುಟ್ಟುತ್ತದೆ.

ಚಳಿಗೆ ಬ್ಯಾಟರಿ ಸೋಲುತ್ತದೆ. ಕೆ1000ರಲ್ಲಿ ಬ್ಯಾಟರಿ ಬೇಕಾಗುವುದು ಮೀಟರ್‌ಗೆ ಮಾತ್ರ, ಶಟರ್ ಅದಿಲ್ಲದೆಯೂ ಓಡುತ್ತದೆ. ಆದರೂ ಒಂದು ಜೊತೆ ಒಳಜೇಬಿನಲ್ಲಿಡಿ. ಫಿಲ್ಮ್ ನಿಧಾನವಾಗಿ ತಿರುಗಿಸಿ, ಚಳಿಗೆ ಅದು ಬಿರುಸಾಗಿರುತ್ತದೆ. ಹೋಟೆಲ್ ರೂಮಿಗೆ ಹೋಗುವ ಮೊದಲು ಕ್ಯಾಮೆರಾವನ್ನು ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಬಾಯಿ ಕಟ್ಟಿ. ಚೀಲ ಬೆಚ್ಚಗಾಗುವವರೆಗೆ ಬಿಚ್ಚಬೇಡಿ, ಇಲ್ಲದಿದ್ದರೆ ಲೆನ್ಸಿಗೆಲ್ಲ ಹನಿ ಕೂರುತ್ತದೆ.

ವಾಪಸ್ ಬಂದ ಮೇಲೆ ರೋಲ್‌ಗಳನ್ನು ಫ್ರಿಜ್‌ನಲ್ಲಿಟ್ಟು ಮರೆಯಬೇಡಿ. ಪ್ಯಾನ್ ಎಫ್‌ನಲ್ಲಿ ಹಿಡಿದ ಚಿತ್ರ ಬೇರೆ ಫಿಲ್ಮ್‌ಗಳಿಗಿಂತ ಬೇಗ ಮಾಸುತ್ತದೆ. ಆದಷ್ಟು ಬೇಗ, 3 ತಿಂಗಳೊಳಗೆ ಡೆವಲಪ್ ಮಾಡಿ ಎಂದು ತಯಾರಕರೇ ಹೇಳುತ್ತಾರೆ. ಫೆಬ್ರವರಿಯಲ್ಲೇ ಮುಗಿಸಿಬಿಡಿ, ಆಗ ನಲ್ಲಿಯ ನೀರೂ ಅಷ್ಟು ಬಿಸಿ ಇರುವುದಿಲ್ಲ.