ಅಧ್ಯಕ್ಷೆಯ ಕುರ್ಚಿ, ಗಂಡನ ಕಾರುಬಾರು: ಮಹಿಳಾ ಮೀಸಲಾತಿಯಿಂದ ಬದಲಾದದ್ದೇನು?

ಪ್ರಶ್ನೆ: ನಮ್ಮ ಗ್ರಾಮ ಪಂಚಾಯಿತಿಗೆ ಮಹಿಳಾ ಅಧ್ಯಕ್ಷರಿದ್ದಾರೆ. ಆದರೆ ಸಭೆಯಲ್ಲಿ ಮಾತನಾಡುವುದು, ಗುತ್ತಿಗೆದಾರರೊಂದಿಗೆ ವ್ಯವಹರಿಸುವುದು ಎಲ್ಲವೂ ಅವರ ಗಂಡನೇ. ಹೀಗಿದ್ದಮೇಲೆ ಮೀಸಲಾತಿಯಿಂದ ಆದ ಪ್ರಯೋಜನವೇನು?

ಉತ್ತರ: ಗಂಡಂದಿರ ಕಾರುಬಾರು ಸುಳ್ಳಲ್ಲ, ಸಹಿಸಿಕೊಳ್ಳುವಂಥದ್ದೂ ಅಲ್ಲ. ಆದರೂ ಪ್ರಯೋಜನ ಆಗಿದೆ. ಅದನ್ನು ಅಳೆದು ನೋಡಿದವರಿದ್ದಾರೆ.

ಪಶ್ಚಿಮ ಬಂಗಾಳದಲ್ಲಿ 1998ರ ಚುನಾವಣೆಗೆ ಪಂಚಾಯಿತಿಗಳನ್ನು ಕ್ರಮಸಂಖ್ಯೆಯಂತೆ ಪಟ್ಟಿಮಾಡಿ, ಮೂರರಲ್ಲಿ ಒಂದರ ಪ್ರಧಾನ (ಅಂದರೆ ಅಧ್ಯಕ್ಷ) ಸ್ಥಾನವನ್ನು ಮಹಿಳೆಯರಿಗೆ ಮೀಸಲಿಟ್ಟರು. ಯಾರ ಮರ್ಜಿಗೂ ಅಲ್ಲಿ ಅವಕಾಶವಿರಲಿಲ್ಲ. ಹಾಗಾಗಿ ಮೀಸಲಾದ ಊರಿಗೂ ಆಗದ ಊರಿಗೂ ಮೊದಲಿನಿಂದಲೇ ದೊಡ್ಡ ಅಂತರವಿತ್ತು ಎನ್ನುವಂತಿಲ್ಲ. ಸಂಶೋಧಕರಿಗೆ ಇಂಥ ಅವಕಾಶ ಸಿಗುವುದು ಅಪರೂಪ. ರಾಘಬೇಂದ್ರ ಚಟ್ಟೋಪಾಧ್ಯಾಯ ಮತ್ತು ಎಸ್ತರ್ ಡುಫ್ಲೊ ಅದನ್ನು ಬಳಸಿಕೊಂಡು ಬಂಗಾಳದ ಬೀರಭೂಮ್ ಜಿಲ್ಲೆ ಹಾಗೂ ರಾಜಸ್ಥಾನದ ಉದಯಪುರದ ಒಟ್ಟು 265 ಪಂಚಾಯಿತಿಗಳ ಕೆಲಸವನ್ನು ಪರಿಶೀಲಿಸಿದರು. ಫಲಿತಾಂಶ 2004ರಲ್ಲಿ ಪ್ರಕಟವಾಯಿತು. ಬೀರಭೂಮ್‌ನ ಹೆಂಗಸರ ದೂರುಗಳಲ್ಲಿ ಕುಡಿಯುವ ನೀರು ಮತ್ತು ರಸ್ತೆ ಮುಂದಿದ್ದವು. ಮಹಿಳೆ ಪ್ರಧಾನರಾದ ಕಡೆ ಹಣ ಹೆಚ್ಚಾಗಿ ಅವೆರಡಕ್ಕೇ ಹೋಗಿತ್ತು. ಉದಯಪುರದಲ್ಲಿ ರಸ್ತೆ ಬೇಕೆಂದವರು ಗಂಡಸರು, ನೀರು ಬೇಕೆಂದವರು ಹೆಂಗಸರು. ಅಲ್ಲಿ ನೀರಿಗೆ ಖರ್ಚು ಏರಿತು, ರಸ್ತೆಗೆ ಇಳಿಯಿತು. ಎಲ್ಲ ನಿರ್ಧಾರವೂ ಗಂಡಂದಿರದ್ದೇ ಆಗಿದ್ದರೆ ಈ ವ್ಯತ್ಯಾಸ ಎಲ್ಲಿಂದ ಬರಬೇಕು?

ನನಗೆ ಇನ್ನೂ ಮುಖ್ಯವೆನಿಸುವುದು ಜನರ ಮನಸ್ಸಿನಲ್ಲಾದ ಬದಲಾವಣೆ. ಬಂಗಾಳದಲ್ಲೇ ನಡೆದ, 2009ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಹಳ್ಳಿಗರಿಗೆ ಪ್ರಧಾನರ ಭಾಷಣವೊಂದನ್ನು ಕೇಳಿಸಿದರು. ಮಾತು ಅವೇ, ಕೆಲವರಿಗೆ ಗಂಡು ದನಿಯಲ್ಲಿ, ಕೆಲವರಿಗೆ ಹೆಣ್ಣು ದನಿಯಲ್ಲಿ. ಎಂದೂ ಮಹಿಳಾ ಪ್ರಧಾನರನ್ನು ಕಾಣದ ಊರಿನ ಗಂಡಸರು ಹೆಣ್ಣು ದನಿಗೆ ಕಡಿಮೆ ಅಂಕ ಕೊಟ್ಟರು. ಕಂಡಿದ್ದ ಊರಿನಲ್ಲಿ ಆ ತಾರತಮ್ಯ ಅಳಿಸಿಹೋಗಿತ್ತು. ಸತತ ಎರಡು ಅವಧಿ ಮೀಸಲಾತಿ ಕಂಡ ಕಡೆ ಮಹಿಳೆಯರು ಚುನಾವಣೆಗೆ ನಿಂತು ಗೆಲ್ಲುವುದೂ ಹೆಚ್ಚಿತು.

ಇಲ್ಲಿ ಗಮನಿಸಬೇಕಾದದ್ದು "ಎರಡು ಅವಧಿ" ಎಂಬುದನ್ನು. ಕರ್ನಾಟಕ, ದೇಶದ ಪಂಚಾಯಿತಿಗಳಲ್ಲೆಲ್ಲ ಮಹಿಳಾ ಮೀಸಲಾತಿ ತಂದ ಸಂವಿಧಾನದ 73ನೆಯ ತಿದ್ದುಪಡಿಗಿಂತ ಮೊದಲೇ, 1983ರ ಕಾಯ್ದೆಯಲ್ಲಿ, ಮಹಿಳೆಯರಿಗೆ ಶೇ 25ರಷ್ಟು ಸ್ಥಾನ ಕೊಟ್ಟ ರಾಜ್ಯ. ಈಗ ಅದು ಶೇ 50. ಆದರೆ ನಮ್ಮಲ್ಲಿ ಅಧ್ಯಕ್ಷಗಿರಿ 30 ತಿಂಗಳಿನದು, ಆಮೇಲೆ ಮೀಸಲಾತಿ ಬೇರೆ ವರ್ಗಕ್ಕೆ ತಿರುಗಬಹುದು. ಕಡತ ಓದುವುದು, ಪಿಡಿಒ (ಪಂಚಾಯಿತಿ ಅಭಿವೃದ್ಧಿ ಅಧಿಕಾರಿ) ಎದುರು ಪಟ್ಟು ಹಿಡಿಯುವುದು, ಕ್ರಿಯಾ ಯೋಜನೆಯಲ್ಲಿ ತನಗೆ ಬೇಕಾದ ಕಾಮಗಾರಿ ಸೇರಿಸುವುದು, ಇವೆಲ್ಲ ಕೈಗೆ ಹತ್ತುವ ಹೊತ್ತಿಗೆ ಕುರ್ಚಿ ಹೋಗಿರುತ್ತದೆ. ಗಂಡನ ನೆರಳು ಉದ್ದವಾಗುವುದಕ್ಕೆ ಇದೂ ಒಂದು ಕಾರಣ ಎಂದೇ ನನ್ನ ಅಭಿಪ್ರಾಯ.

ನೀವು ಮಾಡಬಹುದಾದ ಕೆಲಸವೊಂದಿದೆ. ಮುಂದಿನ ಗ್ರಾಮಸಭೆಯಲ್ಲಿ ನಿಮ್ಮ ಪ್ರಶ್ನೆಯನ್ನು ಅಧ್ಯಕ್ಷರಿಗೇ ಕೇಳಿ. ಪಕ್ಕದಲ್ಲಿದ್ದವರು ಉತ್ತರಿಸಲು ಎದ್ದರೆ, "ಅಧ್ಯಕ್ಷರು ಹೇಳಲಿ, ಕಾಯುತ್ತೇವೆ" ಎನ್ನಿ. ಅವರು ಕೊಟ್ಟ ಉತ್ತರ ನಡಾವಳಿ ಪುಸ್ತಕದಲ್ಲಿ ದಾಖಲಾಗಿದೆಯೇ ಎಂದು ನೋಡಿಯೇ ಮನೆಗೆ ಹೋಗಿ.