ಡೀವಿಯೇಷನ್ ಲೆಕ್ಕ: ಹಡಗು ಯಾವ ಕಡೆ ಮುಖ ಮಾಡಿದೆ ಅಂತ ಮೊದಲು ನೋಡಿ

ಬೇರಿಂಗ್ ಅಂದರೆ ಒಂದು ಗುರುತು ನಮಗೆ ಯಾವ ದಿಕ್ಕಿನಲ್ಲಿ ಕಾಣುತ್ತದೆ ಅನ್ನೋದರ ಡಿಗ್ರಿ. ಕಂಪಾಸ್ ತೋರಿಸುವ ಬೇರಿಂಗನ್ನು ಟ್ರೂ ಬೇರಿಂಗ್ (ನಿಜವಾದ ಉತ್ತರದಿಂದ ಅಳೆದದ್ದು) ಮಾಡುವ ಲೆಕ್ಕ ನೇವಿಗೇಷನ್ ಪೇಪರ್‌ನಲ್ಲಿ ಬಂದೇ ಬರುತ್ತದೆ. ನೌಕಾಪಡೆ ಅಧಿಕಾರಿ ಆಗಲು ಓದುತ್ತಿರುವವರಿಗೂ ಎನ್‌ಸಿಸಿ ನೇವಲ್ ವಿಂಗ್‌ನವರಿಗೂ ಚಾರ್ಟ್‌ವರ್ಕ್, ಅಂದರೆ ಕಡಲ ನಕ್ಷೆಯ ಮೇಲಿನ ಕೆಲಸ, ಶುರುವಾಗುವುದೇ ಇಲ್ಲಿಂದ. ಇರೋದು ಬರೀ ಕೂಡಿಸೋದು, ಕಳೆಯೋದು. ಆದರೂ ಒಂದು ಜಾಗದಲ್ಲಿ ನಾನು ಬಹಳ ಹೊತ್ತು ನಿಂತುಬಿಟ್ಟಿದ್ದೆ. ಈಗ ಅದು ತಿಳಿಯಾಗಿದೆ, ಮರೆಯುವ ಮುಂಚೆ ಬರೆದಿಡುತ್ತಿದ್ದೇನೆ.

ವೇರಿಯೇಷನ್ ಸುಲಭ. ಭೂಮಿಯ ಕಾಂತೀಯ ಉತ್ತರ ಬೇರೆ, ನಿಜವಾದ ಉತ್ತರ ಬೇರೆ. ಅವುಗಳ ನಡುವಿನ ಕೋನವೇ ವೇರಿಯೇಷನ್. ಅದು ಎಷ್ಟು, ವರ್ಷಕ್ಕೆ ಎಷ್ಟು ಬದಲಾಗುತ್ತದೆ ಅಂತ ಚಾರ್ಟ್‌ನ ಕಂಪಾಸ್ ರೋಸ್‌ನಲ್ಲೇ (ದಿಕ್ಕು ತೋರಿಸುವ ಚಕ್ರದಲ್ಲಿ) ಬರೆದಿರುತ್ತದೆ. ನಮ್ಮ ಕರಾವಳಿಯಲ್ಲಿ ಇದು ತುಂಬ ಚಿಕ್ಕದು. ಇಲ್ಲಿ 1 ಡಿಗ್ರಿ ಪಶ್ಚಿಮ ಅಂತ ಇಟ್ಟುಕೊಳ್ಳೋಣ.

ಕೂಡಿಸಬೇಕೋ ಕಳೆಯಬೇಕೋ ಅನ್ನೋದಕ್ಕೆ 'ಕ್ಯಾಡೆಟ್' ಸೂತ್ರ ಸಾಕು. ಕಂಪಾಸ್‌ನಿಂದ ಟ್ರೂ ಕಡೆಗೆ ಹೋಗುವಾಗ ಈಸ್ಟ್ ಇದ್ದರೆ ಕೂಡಿಸಿ, ವೆಸ್ಟ್ ಇದ್ದರೆ ಕಳೆಯಿರಿ. ವಾಪಸ್ ಬರುವಾಗ ಇದರ ಉಲ್ಟಾ.

ಈಗ ಡೀವಿಯೇಷನ್. ಹಡಗಿನ ಉಕ್ಕು ಕಂಪಾಸ್ ಸೂಜಿಯನ್ನು ತನ್ನ ಕಡೆ ಎಳೆಯುತ್ತದೆ, ಅದರಿಂದ ಸೂಜಿ ವಾಲುವ ಕೋನವೇ ಡೀವಿಯೇಷನ್. ಎಷ್ಟು ಎಳೆಯುತ್ತದೆ ಅನ್ನೋದಕ್ಕೆ ಒಂದು ಪಟ್ಟಿ ಇರುತ್ತದೆ. ನಾವು ಕಾರವಾರದ ಹೊರಗೆ ದಕ್ಷಿಣದಿಂದ ಬರ್ತಾ ಇದ್ದೇವೆ, ಹಡಗಿನ ಹೆಡಿಂಗ್ (ಅದು ಮುಖ ಮಾಡಿರುವ ದಿಕ್ಕು) 340, ದೇವಗಡ ದ್ವೀಪದ ದೀಪಸ್ತಂಭ ಕಂಪಾಸ್‌ನಲ್ಲಿ 045ಕ್ಕೆ ಕಾಣ್ತಿದೆ ಅಂದುಕೊಳ್ಳಿ. ಪಟ್ಟಿಯಲ್ಲಿ 340ರ ಮುಂದೆ 3 ಡಿಗ್ರಿ ಪೂರ್ವ ಅಂತಿದೆ, 045ರ ಮುಂದೆ 2 ಡಿಗ್ರಿ ಪಶ್ಚಿಮ ಅಂತಿದೆ. ಯಾವುದನ್ನು ತಗೊಳ್ಳಬೇಕು?

ಕೈ ತಾನಾಗಿಯೇ 045ರ ಕಡೆ ಹೋಗುತ್ತದೆ, ಯಾಕಂದರೆ ಸರಿಪಡಿಸಬೇಕಾದ ಸಂಖ್ಯೆ ಅದೇ ಅಲ್ವಾ. ಆದರೆ ತಗೊಳ್ಳಬೇಕಾದ್ದು 340ರದ್ದು.

ಯಾಕೆ ಅಂತ ಪುಸ್ತಕ ಓದಿ ತಲೆಗೆ ಹೋಗದಿದ್ದರೆ ಕಾರವಾರದ ಟಾಗೋರ್ ಬೀಚಿಗೆ ಹೋಗಿ ಹೀಗೆ ಮಾಡಿ. ಒಂದು ಮರದ ಹಲಗೆ, ಅದರ ನಡುವೆ ಚಿಕ್ಕ ಕಂಪಾಸ್. ಅದರಿಂದ ನಾಲ್ಕೈದು ಬೆರಳು ದೂರದಲ್ಲಿ ಒಂದು ಕಬ್ಬಿಣದ ಬೋಲ್ಟನ್ನು ಟೇಪ್ ಹಾಕಿ ಅಂಟಿಸಿ. ಹಲಗೆಯನ್ನು ಅಲ್ಲಾಡಿಸದೆ ಮೊದಲು ಪಶ್ಚಿಮಕ್ಕೆ ದೇವಗಡದ ಕಡೆ ನೋಡಿ, ಆಮೇಲೆ ಕತ್ತು ತಿರುಗಿಸಿ ಇನ್ನೊಂದು ದ್ವೀಪ ಕೂರ್ಮಗಡದ ಕಡೆ ನೋಡಿ. ಸೂಜಿ ಇದ್ದಲ್ಲೇ ಇರುತ್ತದೆ. ನೀವು ಎತ್ತ ನೋಡಿದರೂ ಅದಕ್ಕೇನು? ಈಗ ದೇವಗಡದ ಮೇಲೆ ಕಣ್ಣಿಟ್ಟುಕೊಂಡೇ ಹಲಗೆಯನ್ನು ಮೆಲ್ಲಗೆ ಒಂದು ಸುತ್ತು ತಿರುಗಿಸಿ. ಬೋಲ್ಟ್ ಸೂಜಿಯ ಸುತ್ತ ಬರುತ್ತದೆ, ಸೂಜಿ ಒಮ್ಮೆ ಆ ಕಡೆ, ಒಮ್ಮೆ ಈ ಕಡೆ ವಾಲುತ್ತದೆ. ದ್ವೀಪ ಎಲ್ಲಿತ್ತೋ ಅಲ್ಲೇ ಇದೆ, ಬೇರಿಂಗ್ ಮಾತ್ರ ಬದಲಾಯಿತು.

ಹಲಗೆಯೇ ಹಡಗು. ಉಕ್ಕು ಹಡಗಿಗೆ ಅಂಟಿಕೊಂಡಿದೆ, ಹಾಗಾಗಿ ಹಡಗು ತಿರುಗಿದಾಗ ಮಾತ್ರ ಸೂಜಿಗೂ ಉಕ್ಕಿಗೂ ಇರುವ ಸಂಬಂಧ ಬದಲಾಗುತ್ತದೆ. ದೀಪಸ್ತಂಭ ನೋಡಲು ನಾವು ಅಜಿಮತ್ ಸರ್ಕಲ್ (ಬೇರಿಂಗ್ ನೋಡಲು ಕಂಪಾಸ್ ಮೇಲೆ ಇಡುವ ಬಳೆ) ತಿರುಗಿಸಿದರೆ ಉಕ್ಕು ಒಂದಿಷ್ಟೂ ಅಲುಗುವುದಿಲ್ಲ. ಅಂದರೆ ಒಂದು ಹೆಡಿಂಗ್‌ನಲ್ಲಿ ಇರುವಷ್ಟು ಹೊತ್ತು ಎಲ್ಲ ಬೇರಿಂಗ್‌ಗೂ ಒಂದೇ ಡೀವಿಯೇಷನ್. ಒಂದು ಬೋಲ್ಟ್ ಇಷ್ಟು ಮಾಡುತ್ತದೆ ಅಂದಮೇಲೆ ಕಾರವಾರದ ಕದಂಬ ನೌಕಾನೆಲೆಯಲ್ಲಿ ನಿಲ್ಲುವ ವಿಮಾನವಾಹಕ ನೌಕೆ ವಿಕ್ರಮಾದಿತ್ಯದಂಥ ಸುಮಾರು 44,500 ಟನ್ ಹಡಗಿನಲ್ಲಿ ಏನಾಗಬೇಡ! ಅದಕ್ಕೇ ಕಂಪಾಸ್ ಪೀಠದೊಳಗೆ ಚಿಕ್ಕ ಆಯಸ್ಕಾಂತ, ಎರಡೂ ಬದಿಗೆ ಮೆದು ಕಬ್ಬಿಣದ ಗುಂಡು, ಫ್ಲಿಂಡರ್ಸ್ ಬಾರ್ (ನೆಟ್ಟಗೆ ನಿಲ್ಲಿಸಿದ ಮೆದು ಕಬ್ಬಿಣದ ಸರಳು) ಎಲ್ಲ ಇಟ್ಟು ಎಳೆತವನ್ನು ತಗ್ಗಿಸುತ್ತಾರೆ. ಆಮೇಲೂ ಉಳಿದದ್ದನ್ನು ಹಡಗನ್ನು ಒಂದು ಸುತ್ತು ತಿರುಗಿಸಿ ಅಳೆದು ಬರೆದಿಡುತ್ತಾರೆ. ಡೀವಿಯೇಷನ್ ಪಟ್ಟಿ ಹುಟ್ಟುವುದೇ ಹಾಗೆ, ಒಂದೊಂದೇ ಹೆಡಿಂಗ್‌ನಲ್ಲಿ. ಇದು ತಿಳಿದ ಮೇಲೆ ಅದನ್ನು ಬೇರಿಂಗ್ ಹಿಡಿದು ನೋಡಲು ಮನಸ್ಸೇ ಬರುವುದಿಲ್ಲ.

ಲೆಕ್ಕ ಮುಗಿಸೋಣ. 045ಕ್ಕೆ 3 ಕೂಡಿಸಿದರೆ 048, 1 ಕಳೆದರೆ 047 ಟ್ರೂ. 045ರ ಸಾಲು ಹಿಡಿದಿದ್ದರೆ 042 ಬರುತ್ತಿತ್ತು. ವ್ಯತ್ಯಾಸ 5 ಡಿಗ್ರಿ. 60 ಮೈಲಿ ದೂರದಲ್ಲಿ 1 ಡಿಗ್ರಿ ಅಂದರೆ ಹೆಚ್ಚುಕಮ್ಮಿ 1 ಮೈಲಿ, ಇದು ನನಗೆ ತುಂಬ ಇಷ್ಟದ ಶಾರ್ಟ್‌ಕಟ್, ಎಲ್ಲ ಕಡೆ ಕೆಲಸಕ್ಕೆ ಬರುತ್ತದೆ. ದೀಪಸ್ತಂಭ 6 ಮೈಲಿ ದೂರ ಇದ್ದರೆ 5 ಗುಣಿಸು 6, ಭಾಗಿಸು 60. ಅರ್ಧ ಮೈಲಿ ಬಂತು. ನಾಟಿಕಲ್ ಮೈಲಿ 1,852 ಮೀಟರ್, ಅಂದರೆ ಚಾರ್ಟ್ ಮೇಲಿನ ಗೆರೆ 900 ಮೀಟರ್‌ಗಿಂತ ಜಾಸ್ತಿ ಪಕ್ಕಕ್ಕೆ ಸರಿದಿದೆ. ಬಂಡೆ, ದ್ವೀಪ ತುಂಬಿರುವ ನಮ್ಮ ಕಡಲಲ್ಲಿ ಇದು ಸಣ್ಣ ಮಾತಲ್ಲ.

ಹಡಗು ಎಲ್ಲಿದೆ ಅಂತ ತಿಳಿಯಲು ಚಾರ್ಟ್ ಮೇಲೆ ಮೂರು ಗುರುತುಗಳ ಬೇರಿಂಗ್ ಹಾಕಿದಾಗ ಗೆರೆಗಳು ಒಂದೇ ಚುಕ್ಕಿಯಲ್ಲಿ ಸೇರದೆ ತ್ರಿಕೋನ ಬಿದ್ದರೆ ಅದು ಕಾಕ್ಡ್ ಹ್ಯಾಟ್. ತುಂಬ ಜನ ಅದರ ನಡುವೆ ಚುಕ್ಕಿ ಇಟ್ಟು ಮುಂದೆ ಹೋಗುತ್ತಾರೆ. ನಿಲ್ಲಿ. ಕಂಪಾಸ್ ತಪ್ಪು ಮೂರಕ್ಕೂ ಒಂದೇ ಆಗಿದ್ದು, ನೋಡಿದ ಗುರುತುಗಳೆಲ್ಲ 180 ಡಿಗ್ರಿಯೊಳಗೇ ಇದ್ದರೆ, ಹಡಗು ಇರುವುದು ತ್ರಿಕೋನದ ಹೊರಗೆ! ಭಟ್ಕಳದಿಂದ ಕಾರವಾರಕ್ಕೆ ಕರೆಯ ಗುಂಟ ಬರುವಾಗ ಗುಡ್ಡ, ದೀಪ, ಹೆಚ್ಚಿನ ದ್ವೀಪ ಎಲ್ಲ ಬಲಗಡೆಗೇ ಇರುತ್ತವೆ, ಹಾಗಾಗಿ ನಮಗೆ ಈ ಪರಿಸ್ಥಿತಿಯೇ ಜಾಸ್ತಿ. ಮೂರೂ ಬೇರಿಂಗನ್ನು ಒಂದೇ ದಿಕ್ಕಿಗೆ ಒಂದೊಂದು ಡಿಗ್ರಿ ತಿರುಗಿಸಿ ಮತ್ತೆ ಗೆರೆ ಎಳೆಯಿರಿ. ತ್ರಿಕೋನ ಚಿಕ್ಕದಾದರೆ ಸರಿ ದಾರಿ, ದೊಡ್ಡದಾದರೆ ಉಲ್ಟಾ ಕಡೆ ತಿರುಗಿಸಿ. ಅದು ಚುಕ್ಕಿಯಾಗುವಷ್ಟರಲ್ಲಿ ಎಷ್ಟು ಡಿಗ್ರಿ ತಿರುಗಿಸಿದ್ದೀರೋ ಅದೇ ನಿಮ್ಮ ತಪ್ಪಿನ ಅಳತೆ.

ಜೈರೋ ಕಂಪಾಸ್ ಆಯಸ್ಕಾಂತದಿಂದಲ್ಲ, ತಿರುಗುವ ಚಕ್ರದಿಂದ ಉತ್ತರ ಹಿಡಿಯುತ್ತದೆ, ಹಾಗಾಗಿ ಅದಕ್ಕೆ ವೇರಿಯೇಷನ್, ಡೀವಿಯೇಷನ್ ಎರಡೂ ತಲೆಬಿಸಿ ಇಲ್ಲ. ಅದರದ್ದೇ ತಪ್ಪು ಇದ್ದರೆ, ಜೈರೋ ಹೈ (ನಿಜಕ್ಕಿಂತ ಜಾಸ್ತಿ ತೋರಿಸುತ್ತಿದೆ) ಅಂದರೆ ಕಳೆಯಿರಿ, ಲೋ (ಕಮ್ಮಿ ತೋರಿಸುತ್ತಿದೆ) ಅಂದರೆ ಕೂಡಿಸಿ.

ನೀವೇ ಒಂದು ಮಾಡಿ ನೋಡಿ. ಬಂದರು ಬಿಟ್ಟು ದಕ್ಷಿಣಕ್ಕೆ ಹೊರಟಿದ್ದೀರಿ, ಹೆಡಿಂಗ್ 160, ದೇವಗಡದ ದೀಪ ಹಿಂದೆ 340ಕ್ಕೆ ಕಾಣುತ್ತಿದೆ. ಪಟ್ಟಿಯಲ್ಲಿ 160ಕ್ಕೆ 4 ಡಿಗ್ರಿ ಪಶ್ಚಿಮ, 340ಕ್ಕೆ ಮೊದಲಿನಂತೆ 3 ಡಿಗ್ರಿ ಪೂರ್ವ. ವೇರಿಯೇಷನ್ ಅದೇ 1 ಪಶ್ಚಿಮ. ಉತ್ತರ 335 ಟ್ರೂ ಬರಬೇಕು. 342 ಬಂದಿದ್ದರೆ ಪಟ್ಟಿಯಲ್ಲಿ ಯಾವ ಸಾಲು ನೋಡಿದ್ದೀರಿ ಅಂತ ಇನ್ನೊಮ್ಮೆ ನೋಡಿ.